ನಿಕಲ್ ಫೋಮ್: ಬರಿ ಹಾಳೆ ಕೊಳ್ಳಿ, ಲೇಪ ನೀವೇ ಹಾಕಿ

ಪ್ಲಾಟಿನಂಗೆ ದುಡ್ಡು ಸುರಿಯದೆ ನೀರಿನಿಂದ ಹೈಡ್ರೋಜನ್ ತೆಗೆಯುವ ಪ್ರಯೋಗ ಮಾಡಲು ಹೊರಟಿರುವ ಕಾರವಾರ, ಶಿರಸಿ ಕಡೆಯ ಕಾಲೇಜುಗಳಿಗೆ ಆನ್‌ಲೈನ್‌ನಲ್ಲಿ ಸಿಗುವ ನಿಕಲ್ ಫೋಮ್, ಅಂದರೆ ಎಲೆಕ್ಟ್ರೋಡ್ ಆಗಿ ಬಳಸುವ ಸ್ಪಂಜಿನಂಥ ನಿಕಲ್ ಹಾಳೆ, ದುಡ್ಡಿಗೆ ಮೋಸವಿಲ್ಲದ ಮಾಲು. ಇಲ್ಲಿ ಹೇಳುತ್ತಿರುವುದು 1.6 ಮಿ.ಮೀ. ದಪ್ಪದ, ಇಂಚಿಗೆ 110 ರಂಧ್ರದ ಹಾಳೆಯ ಬಗ್ಗೆ. ಸಾದಾ ಕತ್ತರಿ ಸಾಕು. ಕತ್ತರಿಸುವಾಗ ಒತ್ತಿ ಹಿಡಿದರೆ ರಂಧ್ರ ಮುಚ್ಚಿಹೋಗುತ್ತದೆ.

ಜೊತೆಗೆ ಮಾರುವ 'ಕ್ಯಾಟಲಿಸ್ಟ್ ಲೇಪಿತ' (ಕ್ರಿಯೆಗೆ ವೇಗ ಕೊಡುವ ವಸ್ತು ಹಚ್ಚಿದ) ಹಾಳೆ ಮಾತ್ರ ಬೇಡ. ಬೆರಳಾಡಿಸಿದರೆ ಕಪ್ಪು ಪುಡಿ ಅಂಟುತ್ತದೆ. ಗುಳ್ಳೆ ಏಳುವ ರಭಸಕ್ಕೆ ಅದು ಉಳಿಯುವುದಿಲ್ಲ. ಬರಿ ಹಾಳೆಯನ್ನು 3 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 10 ನಿಮಿಷ ಅದ್ದಿ, ಡಿಸ್ಟಿಲ್ಡ್ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. 100 ಮಿ.ಲೀ. ನೀರಿಗೆ ನಿಕಲ್ ನೈಟ್ರೇಟ್ ಹೆಕ್ಸಾಹೈಡ್ರೇಟ್ 0.087 ಗ್ರಾಂ, ಫೆರಿಕ್ ನೈಟ್ರೇಟ್ ನೋನಾಹೈಡ್ರೇಟ್ 0.121 ಗ್ರಾಂ ಕರಗಿಸಿ, ಹಾಳೆಯನ್ನು ಅದರಲ್ಲಿ ಅದ್ದಿ, ಸಿಲ್ವರ್ ಕ್ಲೋರೈಡ್ ರೆಫರೆನ್ಸ್‌ಗೆ (ವೋಲ್ಟೇಜ್ ಅಳೆಯಲು ಆಧಾರವಾಗುವ ಎಲೆಕ್ಟ್ರೋಡಿಗೆ) ಹೋಲಿಸಿ -1.0 ವೋಲ್ಟ್‌ನಲ್ಲಿ 300 ಸೆಕೆಂಡ್ ಇಡಿ. ನೈಟ್ರೇಟ್ ಎಲೆಕ್ಟ್ರಾನ್ ಪಡೆದು ಅಪಕರ್ಷಣಗೊಂಡು ಹಾಳೆಯ ಮೈಮೇಲೆ ಕ್ಷಾರ ಹುಟ್ಟುತ್ತದೆ, ನಿಕಲ್-ಕಬ್ಬಿಣದ ಹೈಡ್ರಾಕ್ಸೈಡ್ ಅಲ್ಲೇ ಕೂರುತ್ತದೆ. ಇದು ಆಕ್ಸಿಜನ್ ಏಳುವ ಬದಿಗೆ (ಆನೋಡಿಗೆ). ಹೈಡ್ರೋಜನ್ ಬದಿಗೆ (ಕ್ಯಾಥೋಡಿಗೆ) ನಿಕಲ್-ಮಾಲಿಬ್ಡಿನಂ ಒಳ್ಳೆಯದು.

ಫೋಮ್ ಬತ್ತಿಯಂತೆ ದ್ರಾವಣವನ್ನು ಮೇಲಕ್ಕೆಳೆಯುತ್ತದೆ. ಕರೆಂಟ್ ಕೊಡುವ ಕ್ಲಿಪ್ಪಿಗೆ ಕ್ಷಾರ ತಗುಲಿ, ತಾಮ್ರ ಕರಗಿ ಬಂದು ಕ್ಯಾಥೋಡಿನ ಮೇಲೆ ಕೂರುವುದು ಹೀಗೆಯೇ. ದ್ರಾವಣದಲ್ಲಿ ಮುಳುಗಲು ಕೆಳಗೆ 1 ಚದರ ಸೆಂ.ಮೀ. ಬಿಟ್ಟು ಅದರ ಮೇಲಕ್ಕೆ ಎಪಾಕ್ಸಿಯ ಪಟ್ಟಿ ತುಂಬಿಸಿ. ಸೋರಿಕೆಯೂ ನಿಲ್ಲುತ್ತದೆ, ವಿಸ್ತೀರ್ಣದ ಲೆಕ್ಕವೂ ಸರಿಯಾಗುತ್ತದೆ.

ಪ್ರಯೋಗ ನಡೆಸುವ ದ್ರಾವಣವಾದ 1 ಮೋಲಾರ್ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ಗೆ ಲೀಟರಿಗೆ 56 ಗ್ರಾಂ ಎಂಬುದು ಪುಸ್ತಕದ ಲೆಕ್ಕ. ಅಂಗಡಿಯ ಗುಳಿಗೆ ಸಾಮಾನ್ಯವಾಗಿ ಶೇ 85 ಶುದ್ಧ, ಹಾಗಾಗಿ 66 ಗ್ರಾಂ ಬೇಕು. ಕರಾವಳಿಯ ಮಳೆಗಾಲದಲ್ಲಿ ಅದೂ ನಂಬಿಕೆಗಲ್ಲ: ತೆರೆದಿಟ್ಟ ಗುಳಿಗೆ ನೋಡುತ್ತಿದ್ದಂತೆ ಬೆವರುತ್ತದೆ, ತಕ್ಕಡಿ ನೀರನ್ನೂ ತೂಗುತ್ತದೆ. ಟೈಟ್ರೇಶನ್ ಮಾಡಿಯೇ (ಗೊತ್ತಿರುವ ಆಮ್ಲದಿಂದ ಸಾಂದ್ರತೆ ಅಳೆದೇ) ಬಳಸಿ.

ಸಮುದ್ರದ ನೀರಾಗಲಿ, ಸಾಣಿಕಟ್ಟೆಯ ಉಪ್ಪಾಗಲಿ ಬೇಡವೇ ಬೇಡ. ಆನೋಡಿನಲ್ಲಿ ಆಕ್ಸಿಜನ್ ಜೊತೆ ಕ್ಲೋರಿನ್ ಬರುತ್ತದೆ, ಹಾಳೆಯೂ ತೂತು ಬೀಳುತ್ತದೆ. ಬಾವಿ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಕ್ಯಾಥೋಡಿಗೆ ಬಿಳಿ ಪದರ ಕಟ್ಟುತ್ತವೆ.

ಹೈಡ್ರೋಜನ್ ಬದಿಯನ್ನು ಪರೀಕ್ಷಿಸುವಾಗ ಎದುರಿನ ಎಲೆಕ್ಟ್ರೋಡ್ ಆಗಿ ಪ್ಲಾಟಿನಂ ಇಟ್ಟರೆ ಅದು ಕರಗಿ ಬಂದು ಹಾಳೆಯ ಮೇಲೆ ಕೂತು, ಅಗ್ಗದ ಕ್ಯಾಟಲಿಸ್ಟಿಗೆ ಇಲ್ಲದ ಹೆಸರು ತಂದುಕೊಡುತ್ತದೆ. ಗ್ರಾಫೈಟ್ ಕಡ್ಡಿ ಇಡಿ. ಆಕ್ಸಿಜನ್ ಬದಿಯಲ್ಲಿ ಗುಳ್ಳೆಯೇ ಇಲ್ಲದೆ ಕರೆಂಟ್ ಏರಿದರೆ ಹಿಗ್ಗಬೇಡಿ, ಅದು ನಿಕಲ್ ತಾನೇ ಆಕ್ಸಿಡೈಸ್ ಆಗುತ್ತಿರುವುದು. ಗಾಳಿಯಲ್ಲಿ ಶೇ 4 ಹೈಡ್ರೋಜನ್ ಇದ್ದರೂ ಕಿಡಿಗೆ ಹೊತ್ತಿಕೊಳ್ಳುತ್ತದೆ. ಅನಿಲದ ಕೊಳವೆಯನ್ನು ಕಿಟಕಿಯಾಚೆ ಬಿಡಿ.