ಕಯೋಟಿಗೆ ಯಾವ ಟ್ರ್ಯಾಪ್, ನರಿಗೆ ಯಾವುದು? ಮೂರು ಚಳಿಗಾಲ ಹಾಕಿ ನೋಡಿದ್ದು

ಅಮೆರಿಕದ ಕನ್ಸಾಸ್‌ನಲ್ಲಿ ನಮ್ಮದು ಸಣ್ಣ ಮೇಕೆ ಸಾಕಣೆ. ಮೇಕೆಗಳು ಈಯುವ ಕಾಲಕ್ಕೆ ಸರಿಯಾಗಿ ಕಯೋಟಿ ಕಾಟ ಶುರು. ಕಯೋಟಿ ಅಂದರೆ ಇಲ್ಲಿನ ಕಾಡುಪ್ರಾಣಿ; ಭಾರತದ ನಮ್ಮ ನರಿಯದೇ ಮುಖ, ಮೈ ಮಾತ್ರ ದೊಡ್ಡದು. ಬೇಲಿ ಹಾಕಿದ್ದೆ, ಕಾವಲು ನಾಯಿಯೂ ಇತ್ತು. ಆದರೂ ಮರಿಗಳು ಹೋದವು. ಆಮೇಲೇ ಕಾಲು ಹಿಡಿಯುವ ಟ್ರ್ಯಾಪ್‌ಗೆ ಕೈ ಹಾಕಿದ್ದು. ಭಾರತದಲ್ಲಿ ಇದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ, ಅಲ್ಲಿ ಯಾರೂ ಪ್ರಯತ್ನಿಸಬೇಡಿ.

ಮೊದಲು ತಂದಿದ್ದು 1.5 ನಂಬರ್ ಅಳತೆಯ, ಅಗ್ಗದ ಕಾಯಿಲ್ ಸ್ಪ್ರಿಂಗ್ (ಸುರುಳಿ ಸ್ಪ್ರಿಂಗಿನ) ಟ್ರ್ಯಾಪ್. ಕೆಂಪು ನರಿಗೆ ಇದು ಸಾಕು. ಕಯೋಟಿ ಮಾತ್ರ ಒಂದೇ ರಾತ್ರಿಯಲ್ಲಿ ಬಿಡಿಸಿಕೊಂಡು ಹೋಯಿತು. ಬೆಳಿಗ್ಗೆ ಹೋಗಿ ನೋಡಿದರೆ ಸರಪಳಿ ಹಗ್ಗದ ಹಾಗೆ ಹುರಿಗೊಂಡಿತ್ತು. ತಿರುಗುವ ಸ್ವಿವೆಲ್ ಇದ್ದದ್ದು ಗೂಟದ ತುದಿಯಲ್ಲಿ ಒಂದೇ, ಅದರಲ್ಲೂ ಮಣ್ಣು ತುಂಬಿತ್ತು. ಸರಪಳಿ ತಿರುಗದಿದ್ದರೆ ಪ್ರಾಣಿ ತಿರುಗಿದ್ದೆಲ್ಲ ಅದರ ಕಾಲಿನ ಮೇಲೆಯೇ ಬೀಳುತ್ತದೆ, ಅಲ್ವಾ?

ಆ ಚಳಿಗಾಲ ಪೂರ್ತಿ ಅದನ್ನೇ ತಿದ್ದಿದೆ. ಸರಪಳಿಯನ್ನು ಬದಿಯಿಂದ ತೆಗೆದು ಟ್ರ್ಯಾಪಿನ ತಳದ ನಡುಮಧ್ಯಕ್ಕೆ ತಂದೆ. ಸ್ವಿವೆಲ್ ಮೂರು ಮಾಡಿದೆ. ದವಡೆಯ (ಕಾಲನ್ನು ಕಚ್ಚಿ ಹಿಡಿಯುವ ಎರಡು ಕಬ್ಬಿಣದ ಬಾಗುಗಳ) ಅಂಚಿಗೆ ಕಬ್ಬಿಣದ ಸರಳು ಬೆಸುಗೆ ಹಾಕಿ ದಪ್ಪ ಮಾಡಿದೆ. ಅಂಚು ಅಗಲವಾದಷ್ಟೂ ಚರ್ಮ ಕೊಯ್ಯುವುದು ಕಡಿಮೆ.

ಎರಡನೇ ವರ್ಷ ಎಂಬಿ-550 ಅನ್ನುವ ಮಾದರಿಯ ಟ್ರ್ಯಾಪ್ ಕೊಂಡೆ. ಬೆಲೆ ಜಾಸ್ತಿ. ಆದರೆ ನಾನು ವಾರಗಟ್ಟಲೆ ಕೂತು ಮಾಡಿದ ಕೆಲಸದಲ್ಲಿ ಮುಕ್ಕಾಲು ಪಾಲು ಅದರಲ್ಲಿ ಮೊದಲೇ ಇದೆ. ದವಡೆ ದಪ್ಪ, ಸರಪಳಿ ತಳದ ನಡುವೆ. ಪಂಜವನ್ನು ಮೇಲಕ್ಕೆ, ಸರಿಯಾದ ಜಾಗದಲ್ಲಿ ಹಿಡಿಯುತ್ತದೆ. ಕಯೋಟಿಗಾದರೆ ಕಣ್ಣು ಮುಚ್ಚಿ ಇದನ್ನೇ ತಗೊಳ್ಳಿ ಎನ್ನುತ್ತೇನೆ.

ಮೂರನೆಯದು ದವಡೆಗೆ ರಬ್ಬರ್ ಇರುವಂಥದ್ದು. ನಮ್ಮ ನಾಯಿ ಓಡಾಡುವ ಕಡೆ ಇದನ್ನು ಬಿಟ್ಟು ಬೇರೆ ಹಾಕುವುದಿಲ್ಲ. ರಬ್ಬರ್ ಸವೆದಾಗ ಬದಲಾಯಿಸಬೇಕು. ಮೇಣದಲ್ಲಿ ಅದ್ದಬಾರದು, ಜಾರುತ್ತದೆ.

ಯಾವುದೇ ತಂದರೂ ತಟ್ಟೆಯ (ಪ್ರಾಣಿ ಕಾಲಿಟ್ಟಾಗ ಟ್ರ್ಯಾಪ್ ಬಡಿಯುವಂತೆ ಮಾಡುವ ನಡುವಿನ ಭಾಗ) ಬಿಗಿ, ಅಂದರೆ ಎಷ್ಟು ಭಾರಕ್ಕೆ ಅದು ಇಳಿಯುತ್ತದೆ ಎಂದು ನೋಡದೆ ನೆಲಕ್ಕೆ ಇಡಬೇಡಿ. ನರಿಗೆ ಸುಮಾರು 2 ಪೌಂಡ್, ಕಯೋಟಿಗೆ 3ರಿಂದ 4. ತೀರಾ ಸಡಿಲವಿದ್ದರೆ ಇಲಿ, ಹಕ್ಕಿ ಸುಮ್ನೆ ಸಿಕ್ಕಿ ಸಾಯುತ್ತವೆ. ಒಂದು ಲೀಟರ್ ನೀರಿನ ಬಾಟಲಿ 2 ಪೌಂಡ್‌ಗಿಂತ ಸ್ವಲ್ಪ ಜಾಸ್ತಿ ತೂಗುತ್ತದೆ. ಅದನ್ನು ಉದ್ದ ದಾರಕ್ಕೆ ಕಟ್ಟಿ, ಕೈ ದೂರ ಇಟ್ಟುಕೊಂಡು, ತಟ್ಟೆಯ ಮೇಲೆ ನಿಧಾನ ಇಳಿಸುತ್ತೇನೆ. ಕಯೋಟಿ ಟ್ರ್ಯಾಪ್ ಅಷ್ಟಕ್ಕೇ ಬಡಿದುಕೊಂಡರೆ ತಟ್ಟೆಯ ತಿರುಪು ಇನ್ನೂ ಬಿಗಿ ಮಾಡುತ್ತೇನೆ.

ಈ ಸಲ ಬೇಲಿಯಾಚೆ ಎಂಬಿ-550 ನಾಲ್ಕು, ಕೊಟ್ಟಿಗೆ ಹತ್ತಿರ ರಬ್ಬರಿನದು ಎರಡು. ತಿದ್ದಿದ 1.5 ನರಿಗಷ್ಟೇ. ದಿನಕ್ಕೊಮ್ಮೆ ಹೋಗಿ ನೋಡಬೇಕೆಂದು ಇಲ್ಲಿ ಕಾನೂನೇ ಇದೆ. ನಾನು ಬೆಳಕು ಹರಿಯುವ ಮೊದಲೇ ಹೊರಡುತ್ತೇನೆ. ಸಿಕ್ಕ ಪ್ರಾಣಿ ಬೇಕಿದ್ದಕ್ಕಿಂತ ಒಂದು ಗಂಟೆ ಜಾಸ್ತಿ ನರಳುವುದು ನನಗೆ ಬೇಡ.