ಲಾ ಪಾಸ್‌ನಿಂದ ‘ಅರ್ಧ ದಿನದ ತಿವನಾಕು’ ಟೂರ್ ಬುಕ್ ಮಾಡುವ ಮುಂಚೆ ಇದನ್ನೊಮ್ಮೆ ಓದಿ

ದಕ್ಷಿಣ ಅಮೆರಿಕದ ಬೊಲಿವಿಯಾದಲ್ಲಿರುವ ಲಾ ಪಾಸ್‌ಗೆ ಹೋಗುವ ಪ್ಲಾನ್ ಇದ್ದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ತಿವನಾಕು ಅಂದರೆ ಅದರ ಹತ್ತಿರ ಇರುವ, ಸಾವಿರ ವರ್ಷಕ್ಕೂ ಹಿಂದಿನ ಒಂದು ಊರಿನ ಕಲ್ಲಿನ ಅವಶೇಷಗಳು. ಅಲ್ಲಿನ ಸಗರ್ನಗ ಬೀದಿಯಲ್ಲಿ ಸಾಲಾಗಿ ಟೂರ್ ಆಫೀಸುಗಳಿವೆ. ಬಾಗಿಲಲ್ಲೇ ಬೋರ್ಡು ಇರುತ್ತದೆ: ತಿವನಾಕು, ಅರ್ಧ ದಿನ, ಇಂಗ್ಲಿಷ್ ಗೈಡ್ ಸಮೇತ. ರೇಟೂ ಜಾಸ್ತಿ ಇಲ್ಲ. ಬೆಳಿಗ್ಗೆ ಹೋಗಿ ಮಧ್ಯಾಹ್ನ ಬಂದುಬಿಟ್ಟರೆ ಸಂಜೆ ಊರು ಸುತ್ತಬಹುದು ಅಂತ ಯಾರಿಗಾದರೂ ಆಸೆ ಆಗುತ್ತದೆ. ದಯವಿಟ್ಟು ಆ ಅರ್ಧ ದಿನದ ಟೂರ್ ತಗೊಳ್ಳಬೇಡಿ. ತಿವನಾಕು ನೋಡಲೇಬೇಕಾದ ಜಾಗ, ಅದರಲ್ಲಿ ಅನುಮಾನವೇ ಇಲ್ಲ. ಆದರೆ ಹೀಗೆ ನೋಡಬೇಡಿ.

ಕಂಪನಿಯ ಹೆಸರು ಹಾಕುತ್ತಿಲ್ಲ. ಹೆಸರಿಗಿಂತ ಅವರ ಲೆಕ್ಕ ಮುಖ್ಯ, ಅದನ್ನು ಮೊದಲು ಹೇಳುತ್ತೇನೆ.

ಲಾ ಪಾಸ್‌ನಿಂದ ತಿವನಾಕು ಸುಮಾರು 70 ಕಿಲೋಮೀಟರ್. ಕೇಳಲು ಹತ್ತಿರ. ಆದರೆ ಲಾ ಪಾಸ್ ಇರುವುದು ತಗ್ಗಿನಲ್ಲಿ. ಅಲ್ಲಿಂದ ಮೇಲೆ ಹತ್ತಿ, 4,000 ಮೀಟರ್ ಎತ್ತರದ ಎಲ್ ಆಲ್ಟೊ ಊರನ್ನು ದಾಟಿದ ಮೇಲೆಯೇ ಬಯಲು ರಸ್ತೆ ಸಿಗುವುದು. ಎಲ್ ಆಲ್ಟೊ ಟ್ರಾಫಿಕ್ ಅಂದರೆ ಮಿನಿಬಸ್ಸುಗಳ ಜಾತ್ರೆ. ಗುರುವಾರ ಮತ್ತು ಭಾನುವಾರ ಅಲ್ಲಿ ದೊಡ್ಡ ಸಂತೆ ಬೇರೆ. ನಮ್ಮನ್ನು ಕರೆದುಕೊಂಡು ಹೋಗಿದ್ದು ಗುರುವಾರ. ಆಫೀಸಿನಲ್ಲಿ ಕುಳಿತವರಿಗೆ ಇದು ಗೊತ್ತಿಲ್ಲದ ವಿಷಯವೇನೂ ಅಲ್ಲ.

ಎಂಟೂವರೆಗೆ ಹೊರಡುತ್ತೇವೆ ಅಂದಿದ್ದರು. ಹೋಟೆಲಿನಿಂದ ಹೋಟೆಲಿಗೆ ಸುತ್ತಿ ಜನರನ್ನು ತುಂಬಿಕೊಂಡು ಎಲ್ ಆಲ್ಟೊ ದಾಟುವಾಗ ಹತ್ತು ಗಂಟೆ ಆಗಿಹೋಗಿತ್ತು. ದಾರಿಯಲ್ಲಿ ಹಿಮದ ಬೆಟ್ಟಗಳ ಫೋಟೋಗೆ ಒಂದು ಸ್ಟಾಪ್. ಪರವಾಗಿಲ್ಲ, ಬೆಟ್ಟ ಚೆನ್ನಾಗಿತ್ತು. ಆಮೇಲೆ ಒಂದು ಅಂಗಡಿ ಮುಂದೆ ಇನ್ನೊಂದು ಸ್ಟಾಪ್. ಸ್ವೆಟರ್, ಟೋಪಿ, ಅಲ್ಪಾಕಾ ಉಣ್ಣೆ ಅಂತ ಹೇಳುವ ಶಾಲು. ಯಾರೂ ಏನೂ ಕೊಳ್ಳಲಿಲ್ಲ, ಆದರೂ ಗೈಡ್ ಬಸ್ಸು ಹತ್ತಲಿಲ್ಲ. ತಿವನಾಕು ಗೇಟಿನಲ್ಲಿ ಇಳಿದಾಗ ಹನ್ನೊಂದೂಕಾಲು. ಅಲ್ಲಿ ಗೊತ್ತಾಯಿತು, ಒಂದು ಗಂಟೆಗೆ ಎಲ್ಲರೂ ಬಸ್ಸಿನಲ್ಲಿ ಇರಬೇಕಂತೆ.

ಟಿಕೆಟ್ ದುಡ್ಡು ಟೂರ್ ರೇಟಿನಲ್ಲಿ ಸೇರಿಲ್ಲ ಅನ್ನುವುದೂ ಗೇಟಿನಲ್ಲೇ ಗೊತ್ತಾಗಿದ್ದು. ನಾವು ಹೋದಾಗ ವಿದೇಶಿಯರಿಗೆ 100 ಬೊಲಿವಿಯಾನೊ ಇತ್ತು, ನಗದು ಮಾತ್ರ. ಆ ಒಂದೇ ಟಿಕೆಟ್ಟಿನಲ್ಲಿ ಎರಡು ಮ್ಯೂಸಿಯಂ, ಮುಖ್ಯ ಅವಶೇಷಗಳು, ಸ್ವಲ್ಪ ದೂರದಲ್ಲಿರುವ ಪುಮಾಪುಂಕು ಅನ್ನುವ ಇನ್ನೊಂದು ಅವಶೇಷ ಎಲ್ಲವೂ ಬರುತ್ತವೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಗೈಡ್ ಬಗ್ಗೆ. ಇಂಗ್ಲಿಷ್ ಗೈಡ್ ಅಂದರೆ ಸ್ಪ್ಯಾನಿಷ್‌ನಲ್ಲಿ ಹತ್ತು ನಿಮಿಷ ಮಾತು, ಇಂಗ್ಲಿಷ್‌ನಲ್ಲಿ ಎರಡು ವಾಕ್ಯ. ಅದನ್ನೂ ಸಹಿಸಬಹುದಿತ್ತು. ಆದರೆ ಆ ಎರಡು ವಾಕ್ಯದಲ್ಲಿ ಒಂದು ಏಲಿಯನ್ ಬಗ್ಗೆ ಇರುತ್ತಿತ್ತು.

ಅರ್ಧ ನೆಲದೊಳಗೆ ಇಳಿದಂತಿರುವ ಒಂದು ಚೌಕದ ಗುಡಿ ಇದೆ. ಅದರ ಗೋಡೆಗಳ ತುಂಬ ಕಲ್ಲಿನ ತಲೆಗಳು, ನೂರಕ್ಕೂ ಜಾಸ್ತಿ. ಒಂದೊಂದರ ಮುಖ ಒಂದೊಂದು ಥರ. ಕೆಲವು ಮಳೆ ಗಾಳಿಗೆ ಸವೆದು ಕಣ್ಣು ಮೂಗು ಮಾತ್ರ ಉಳಿದಿವೆ. ನಮ್ಮ ಗೈಡ್ ಬೆಳ್ಳಗಿನ ಒಂದು ತಲೆಯ ಮುಂದೆ ನಿಂತು, ಇದು ಬೇರೆ ಗ್ರಹದವರದು ಅಂದ. ಮಿಕ್ಕವು ಪ್ರಪಂಚದ ಎಲ್ಲ ಜನಾಂಗಗಳವಂತೆ. ನನ್ನ ಜೊತೆ ಬಂದಿದ್ದ ಅಕ್ಕ, ‘ಏನೇ ಇದು, ಇತಿಹಾಸ ಹೇಳ್ತಿದ್ದಾನೋ ಸಿನಿಮಾ ಕಥೆ ಹೇಳ್ತಿದ್ದಾನೋ’ ಅಂದಳು. ಅದೇ ಗುಂಡಿಯಿಂದ 1932ರಲ್ಲಿ ವೆಂಡೆಲ್ ಬೆನೆಟ್ ಅನ್ನುವ ಪುರಾತತ್ವಜ್ಞ 7 ಮೀಟರಿಗೂ ಎತ್ತರದ ಒಂದು ಕಲ್ಲಿನ ಮೂರ್ತಿ ಅಗೆದು ತೆಗೆದಿದ್ದ. ಅದನ್ನು ಲಾ ಪಾಸ್‌ಗೆ ಒಯ್ದು ಸ್ಟೇಡಿಯಂ ಹತ್ತಿರ ಬಯಲಲ್ಲಿ ನಿಲ್ಲಿಸಿದರು. ದಶಕಗಟ್ಟಲೆ ಬಸ್ಸಿನ ಹೊಗೆ ಕುಡಿದು ಹಾಳಾಗುತ್ತಿದ್ದ ಆ ಮೂರ್ತಿ 2002ರಲ್ಲಿ ತಿವನಾಕುಗೆ ವಾಪಸ್ ಬಂತು. ಈಗ ಅಲ್ಲಿನ ಕಲ್ಲಿನ ಮ್ಯೂಸಿಯಂನಲ್ಲಿದೆ. ಇಷ್ಟು ಒಳ್ಳೆಯ ಕಥೆ ಕೈಯಲ್ಲಿ ಇಟ್ಟುಕೊಂಡು ಅವನು ಏಲಿಯನ್ ಹಿಂದೆ ಹೋದ. ಆ ಮ್ಯೂಸಿಯಂ ಒಳಗೆ ನಮ್ಮನ್ನು ಕರೆದೊಯ್ಯಲೂ ಇಲ್ಲ.

ಆಮೇಲೆ ಕಲಸಸಾಯ. ಇದು ಎತ್ತರದ ಗೋಡೆಗಳಿರುವ ದೊಡ್ಡ ಅಂಗಳ. ಗೋಡೆ ನೋಡಿ ನಾವು ಬೆರಗಾದೆವು. ಆದರೆ ನಮಗೆ ಹೇಳದೆ ಬಿಟ್ಟ ವಿಷಯ ಏನು ಅಂದರೆ, ಹಳೆಯ ಕಾಲದ ಪ್ರವಾಸಿಗಳು ಬಂದಾಗ ಅಲ್ಲಿ ಇದ್ದದ್ದು ದೂರದೂರ ನಿಂತ ಕಲ್ಲುಕಂಬಗಳು ಮಾತ್ರ. ಕಂಬಗಳ ಮಧ್ಯದ ಗೋಡೆಯನ್ನು ತುಂಬಿ ಕಟ್ಟಿದ್ದು 20ನೇ ಶತಮಾನದಲ್ಲಿ, ಕಾರ್ಲೋಸ್ ಪೋನ್ಸೆ ಸಂಜಿನೆಸ್ ಅನ್ನುವ ಬೊಲಿವಿಯಾದ ಪುರಾತತ್ವಜ್ಞರ ಮುಂದಾಳತ್ವದಲ್ಲಿ. ಯಾವುದು ಹಳೆಯದು, ಯಾವುದು ಮೊನ್ನೆಯದು ಅಂತ ತೋರಿಸುವುದೇ ಗೈಡ್ ಕೆಲಸ ಅಲ್ವಾ? ಅಲ್ಲೇ ನಿಂತಿರುವ ಒಂದು ಮೂರ್ತಿಗೆ ಅದೇ ಪೋನ್ಸೆ ಹೆಸರಿದೆ. ಅದರ ಭುಜದ ಮೇಲೆ ಸ್ಪೇನಿನವರು ಕೊರೆದ ಶಿಲುಬೆ ಇದೆ. ಅದನ್ನು ನಾವೇ ಕಂಡುಹಿಡಿದೆವು.

ಅಂಗಳದ ಮೂಲೆಯಲ್ಲಿ ಸೂರ್ಯದ್ವಾರ. ಒಂದೇ ಆಂಡಿಸೈಟ್ ಕಲ್ಲಿನಲ್ಲಿ ಕಡೆದ ಬಾಗಿಲು, ತೂಕ ಸುಮಾರು 10 ಟನ್. ಮೇಲೆ ಎರಡು ಕೈಯಲ್ಲೂ ಕೋಲು ಹಿಡಿದ ದೇವರು, ಅಕ್ಕಪಕ್ಕ ರೆಕ್ಕೆಯ 48 ಪರಿವಾರದವರು ಓಡಿಬರುತ್ತಿರುವಂತೆ ಸಾಲಾಗಿ. ಇದನ್ನು ನಿಧಾನವಾಗಿ ನೋಡಬೇಕು. ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಸಣ್ಣ ಗೆರೆಗಳು ಕಾಣುತ್ತವೆ. ನಮಗೆ ಸಿಕ್ಕಿದ್ದು ನೆತ್ತಿ ಮೇಲಿನ ಬಿಸಿಲು ಮತ್ತು ಐದು ನಿಮಿಷ. ಗೈಡ್ ಇದು 17,000 ವರ್ಷ ಹಳೆಯದು ಅಂದ. ಆ ಅಂಕಿ ಎಲ್ಲಿಂದ ಬಂತು ಗೊತ್ತಾ? ಆರ್ಥರ್ ಪೊಸ್ನಾನ್ಸ್ಕಿ ಅನ್ನುವವರು 20ನೇ ಶತಮಾನದ ಮೊದಲ ಅರ್ಧದಲ್ಲಿ ಕಲಸಸಾಯದ ಗೋಡೆಗಳು ಸೂರ್ಯೋದಯಕ್ಕೆ ಹೇಗೆ ಹೊಂದುತ್ತವೆ ಅಂತ ಅಳೆದು, ಲೆಕ್ಕ ಹಾಕಿ, ಅಷ್ಟು ಹಳೆಯದು ಅಂತ ಹೇಳಿಬಿಟ್ಟರು. ಆಮೇಲೆ ಹಳೆಯ ವಸ್ತುಗಳ ವಯಸ್ಸು ಹೇಳುವ ರೇಡಿಯೋಕಾರ್ಬನ್ ಪರೀಕ್ಷೆ ಬಂತು, ಆ ಲೆಕ್ಕ ಬಿದ್ದುಹೋಯಿತು. ತಿವನಾಕು ವೈಭವದ ಕಾಲ ಸುಮಾರು ಕ್ರಿ.ಶ. 500ರಿಂದ 1000. ಆಮೇಲೆ ದೊಡ್ಡ ಸಾಮ್ರಾಜ್ಯ ಕಟ್ಟಿದ ಇಂಕಾಗಳು ಅಲ್ಲಿಗೆ ಬಂದಿದ್ದು 15ನೇ ಶತಮಾನದಲ್ಲಿ, ಅಷ್ಟರಲ್ಲಿ ಊರು ಪಾಳುಬಿದ್ದು ಶತಮಾನಗಳೇ ಆಗಿದ್ದವು. ನಮ್ಮ ಗೈಡ್ ಒಮ್ಮೆ ಏಲಿಯನ್ ಅಂದ, ಒಮ್ಮೆ ಇಂಕಾ ಅಂದ. ಕಟ್ಟಿದವರ ಸರದಿ ಬರಲೇ ಇಲ್ಲ.

ನನಗೆ ಬೇಜಾರಾಗುವುದು ಇಲ್ಲಿ. ಸುತ್ತಮುತ್ತಲ ಹಳ್ಳಿಗಳಲ್ಲಿರುವವರು ಐಮರ ಜನ. ಪ್ರತಿ ವರ್ಷ ಜೂನ್ 21ರ ನಸುಕಿನಲ್ಲಿ ಅವರ ಹೊಸ ವರ್ಷಕ್ಕೆ ಇಲ್ಲಿ ಸಾವಿರಾರು ಜನ ಸೇರುತ್ತಾರೆ. 2006ರಲ್ಲಿ ಇವೋ ಮೊರಾಲೆಸ್ ಬೊಲಿವಿಯಾದ ಅಧ್ಯಕ್ಷರಾಗುವ ಮುನ್ನ ಈ ಜಾಗಕ್ಕೇ ಬಂದು ವಿಧಿ ಮಾಡಿಸಿಕೊಂಡಿದ್ದರು. ಇಷ್ಟು ಜೀವಂತ ಜಾಗದಲ್ಲಿ ನಿಂತು, ಇದನ್ನು ಇಲ್ಲಿನವರು ಕಟ್ಟಲು ಸಾಧ್ಯವೇ ಇಲ್ಲ ಅನ್ನುವಂತೆ ಮಾತಾಡಿದರೆ ಅದು ಬರೀ ಅಡಗೂಲಜ್ಜಿ ಕಥೆ ಅಲ್ಲ, ಅವಮಾನ.

ಅಕಪಾನ ಗುಡ್ಡವನ್ನು ಕೆಳಗಿನಿಂದಲೇ ಕೈ ತೋರಿಸಿ ಮುಗಿಸಿದ. ಅದು ಗುಡ್ಡ ಅಲ್ಲ, ಮೆಟ್ಟಿಲು ಮೆಟ್ಟಿಲಾಗಿ ಏಳು ಹಂತದಲ್ಲಿ ಎಬ್ಬಿಸಿದ ದಿಬ್ಬ. ನಡುವೆ ದೊಡ್ಡ ಗುಂಡಿ ಇದೆ, ನಿಧಿ ಹುಡುಕುವವರು ತೋಡಿದ್ದು. ಒಂದು ಬದಿಗೆ ಈ ಶತಮಾನದಲ್ಲಿ ಹಸಿ ಇಟ್ಟಿಗೆ ಮೆತ್ತಿ ‘ರಿಪೇರಿ’ ಮಾಡಿದ್ದಾರೆ, ಅದು ದೊಡ್ಡ ಜಗಳವೇ ಆಗಿತ್ತು. ಮೇಲೆ ಹತ್ತಬಹುದಾ ಅಂತ ಕೇಳಿದೆವು. ಟೈಮ್ ಇಲ್ಲ ಅಂದ.

ಇನ್ನು ಪುಮಾಪುಂಕು. ನಾವು ಅಷ್ಟು ದೂರ ಹೋಗಿದ್ದು ಮುಖ್ಯವಾಗಿ ಇದಕ್ಕೆ. ಅಕ್ಕ ಸಿವಿಲ್ ಇಂಜಿನಿಯರ್, ಫೋಟೋ ನೋಡಿದಾಗಿನಿಂದ ಅವಳಿಗೆ ಆ ಕಲ್ಲುಗಳ ಹುಚ್ಚು. ಮುಖ್ಯ ಜಾಗದಿಂದ ಒಂದು ಕಿಲೋಮೀಟರ್ ಒಳಗೆಯೇ ಇದೆ. ಅಲ್ಲಿನ ಅತಿ ದೊಡ್ಡ ಚಪ್ಪಡಿ 7.8 ಮೀಟರ್ ಉದ್ದ, 5 ಮೀಟರಿಗಿಂತ ಅಗಲ, ತೂಕದ ಅಂದಾಜು 131 ಟನ್. ಪಕ್ಕದಲ್ಲಿ ಅಚ್ಚಿನಲ್ಲಿ ತೆಗೆದಂತೆ ಒಂದೇ ಅಳತೆಯ ಕಲ್ಲುಗಳು. ಕೆಲವು ಕಲ್ಲುಗಳನ್ನು ಒಂದಕ್ಕೊಂದು ಜೋಡಿಸಲು ಕಲ್ಲಿನಲ್ಲೇ ಗುಳಿ ಮಾಡಿ, ಕರಗಿಸಿದ ತಾಮ್ರದ ಮಿಶ್ರಲೋಹವನ್ನು ಅಲ್ಲೇ ಸುರಿದಿದ್ದಾರೆ. ಅದರಲ್ಲಿ ಆರ್ಸೆನಿಕ್, ನಿಕಲ್ ಕೂಡ ಇದೆ.

ಗೈಡ್ ಬಸ್ಸಿನ ಹತ್ತಿರ ನಿಂತು ಆ ದಿಕ್ಕಿಗೆ ಕೈ ತೋರಿಸಿದ. ಅದು ಗ್ರಾನೈಟ್, ವಜ್ರದ ಯಂತ್ರ ಇಲ್ಲದೆ ಕೊರೆಯಲು ಆಗುವುದಿಲ್ಲ ಅಂದ. ಗ್ರಾನೈಟ್ ನಾಡಿನವರು ನಾವು, ನಮ್ಮ ಮುಂದೆಯೇ! ಅಲ್ಲಿರುವುದು ಕೆಂಪು ಮರಳುಗಲ್ಲು ಮತ್ತು ಬೂದು ಬಣ್ಣದ ಆಂಡಿಸೈಟ್. ಮರಳುಗಲ್ಲು ಸುಮಾರು 10 ಕಿಲೋಮೀಟರ್ ದೂರದ್ದು, ಆಂಡಿಸೈಟ್ ತಿತಿಕಾಕಾ ಸರೋವರದ ಕಡೆಯಿಂದ ಬಂದಿದ್ದು. ಜೀನ್-ಪಿಯರ್ ಪ್ರೊಟ್ಜೆನ್ ಮತ್ತು ಸ್ಟೆಲ್ಲಾ ನಾಯರ್ ಅನ್ನುವ ಇಬ್ಬರು ಸಂಶೋಧಕರು ಈ ಕಲ್ಲುಗಳನ್ನು ವರ್ಷಗಟ್ಟಲೆ ಅಳೆದು, ಕಲ್ಲಿನ ಸಲಕರಣೆಗಳಿಂದಲೇ ಅಂಥ ಮೂಲೆಗಳನ್ನು ಕೆತ್ತಿ ನೋಡಿದ್ದಾರೆ. 2018ರಲ್ಲಿ ಅಲೆಕ್ಸಿ ವ್ರಾನಿಚ್ ಅನ್ನುವ ಪುರಾತತ್ವಜ್ಞ ಚೂರುಗಳ ಸಣ್ಣ ಮಾದರಿಗಳನ್ನು ತ್ರೀಡಿ ಪ್ರಿಂಟ್ ಮಾಡಿ, ಮಕ್ಕಳ ಬ್ಲಾಕ್ಸ್ ಥರ ಜೋಡಿಸಿ, ಕಟ್ಟಡ ಹೇಗಿದ್ದಿರಬಹುದು ಅಂತ ತೋರಿಸಿದರು. ಅಕ್ಕ ಇದನ್ನೆಲ್ಲ ಕೇಳಲು ಹೋದಳು. ಗೈಡ್ ಕೈಗಡಿಯಾರ ತೋರಿಸಿದ.

ಟಿಕೆಟ್ಟಿನಲ್ಲಿ ಪುಮಾಪುಂಕು ಇದೆಯಲ್ಲ, ಹೋಗಿ ಬರುತ್ತೇವೆ ಅಂದರೆ, ಬಸ್ಸು ಕಾಯುವುದಿಲ್ಲ ಅಂದ. ಆದರೆ ಅದೇ ಬಸ್ಸು ಊಟದ ಹೋಟೆಲಿನ ಮುಂದೆ ಮುಕ್ಕಾಲು ಗಂಟೆ ನಿಂತಿತು. ಊಟಕ್ಕೂ ನಾವೇ ದುಡ್ಡು ಕೊಡಬೇಕು. ಇದ್ದದ್ದು ಟ್ರೌಟ್ ಮೀನು, ಲಾಮಾ ಅನ್ನುವ ಪ್ರಾಣಿಯ ಮಾಂಸ, ಕಿನ್ವಾ ಸೂಪ್. ಸಸ್ಯಾಹಾರಿಗಳೇ, ಸೂಪಿನ ನೀರು ಯಾವುದರದ್ದು ಅಂತ ಕೇಳಿಯೇ ಕುಡಿಯಿರಿ.

ವಾಪಸ್ ಬರುವಾಗ ಗುಂಪಿನಲ್ಲಿದ್ದ ಒಬ್ಬ ವಯಸ್ಸಾದ ಹೆಂಗಸಿಗೆ ತಲೆಸುತ್ತು, ವಾಂತಿ. ತಿವನಾಕು ಇರುವುದೇ ಸುಮಾರು 3,850 ಮೀಟರ್ ಎತ್ತರದಲ್ಲಿ, ಲಾ ಪಾಸ್‌ಗಿಂತ ಜಾಸ್ತಿ. ಬಸ್ಸಿನಲ್ಲಿ ಆಕ್ಸಿಜನ್ ಇರಲಿಲ್ಲ. ಒಂದು ಬಾಟಲಿ ನೀರು ಕೂಡ ಇರಲಿಲ್ಲ. ಅಕ್ಕ ತನ್ನ ಬಾಟಲಿ ಕೊಟ್ಟಳು.

ಮಾರನೇ ದಿನ ಆಫೀಸಿಗೆ ಹೋಗಿ ಕೇಳಿದೆವು. ಕೌಂಟರಿನಲ್ಲಿದ್ದ ಹೆಂಗಸು ರಸೀದಿ ತೋರಿಸಿ, ‘ಸೆನ್ಯೋರಾ, ಇಲ್ಲಿ ತಿವನಾಕು ಅಂತ ಇದೆ, ಪುಮಾಪುಂಕು ಅಂತ ಎಲ್ಲಿದೆ?’ ಅಂದರು. ಗೋಡೆ ಮೇಲಿನ ಪೋಸ್ಟರಿನಲ್ಲಿ ಮಾತ್ರ ಪುಮಾಪುಂಕು ಫೋಟೋ ದೊಡ್ಡದಾಗಿ ಇತ್ತು. ದುಡ್ಡು ವಾಪಸ್ ಬರಲಿಲ್ಲ. ಮುಂದಿನ ಟೂರಿಗೆ ಡಿಸ್ಕೌಂಟ್ ಕೊಡುತ್ತೇವೆ ಅಂದರು, ಮೂಗಿಗೆ ತುಪ್ಪ ಸವರುವ ಮಾತು.

ಹಾಗಾದರೆ ಹೇಗೆ ಹೋಗಬೇಕು? ಟೂರೇ ಬೇಕು ಅಂದರೆ ಇಡೀ ದಿನದ್ದು ತಗೊಳ್ಳಿ. ರಸೀದಿಯಲ್ಲಿ ‘ಪುಮಾಪುಂಕು’ ಮತ್ತು ‘ಎರಡೂ ಮ್ಯೂಸಿಯಂ’ ಅಂತ ಬರೆಸಿಕೊಳ್ಳಿ. ಬರೆಯಲು ಹಿಂದೆಮುಂದೆ ನೋಡಿದರೆ ಪಕ್ಕದ ಆಫೀಸಿಗೆ ನಡೆಯಿರಿ. ಜಾಗದಲ್ಲಿ ನಿಲ್ಲುವ ಸಮಯ ಎಷ್ಟು ಅಂತ ಕೇಳಿ, ಟೂರ್ ಎಷ್ಟು ಗಂಟೆಯದು ಅಂತ ಅಲ್ಲ. ನಾಲ್ಕು ಗಂಟೆಗಿಂತ ಕಡಿಮೆ ಅಂದರೆ ಬೇಡ. ಟಿಕೆಟ್, ಊಟ ಸೇರಿದೆಯಾ ಅಂತಲೂ ಕೇಳಿ. ಇಂಗ್ಲಿಷ್ ಮಾತ್ರವಾ, ಎರಡು ಭಾಷೆಯಾ ಅನ್ನುವುದನ್ನೂ ಬಿಡಬೇಡಿ.

ಟೂರ್ ಇಲ್ಲದೆ ಹೋಗುವುದು ಇನ್ನೂ ಸುಲಭ. ಲಾ ಪಾಸ್‌ನ ದೊಡ್ಡ ಸ್ಮಶಾನದ ಹತ್ತಿರದಿಂದ ತಿವನಾಕುಗೆ ಮಿನಿಬಸ್ಸುಗಳು ಹೊರಡುತ್ತವೆ. ಕೇಬಲ್ ಕಾರಿನ ಕೆಂಪು ಲೈನಿಗೆ ಸ್ಮಶಾನದ ಹತ್ತಿರವೇ ಸ್ಟೇಷನ್ ಇದೆ. ಮಿನಿಬಸ್ಸಿಗೆ ಟೈಮ್ ಟೇಬಲ್ ಇಲ್ಲ, ಸೀಟು ತುಂಬಿದರೆ ಹೊರಡುತ್ತದೆ. ಟಿಕೆಟ್ ಕೌಂಟರಿನ ಹತ್ತಿರ ಸ್ಥಳೀಯ ಗೈಡ್‌ಗಳು ಸಿಗುತ್ತಾರೆ. ರೇಟು ಮೊದಲೇ ಮಾತಾಡಿ, ಜೊತೆಗೆ ಒಂದು ಪ್ರಶ್ನೆ ಕೇಳಿ: ಸೂರ್ಯದ್ವಾರ ಎಷ್ಟು ಹಳೆಯದು? ಉತ್ತರ ಹತ್ತು ಸಾವಿರ ದಾಟಿದರೆ ನಮಸ್ಕಾರ ಹೇಳಿ ಮುಂದಿನವರನ್ನು ನೋಡಿ.

ಲಾ ಪಾಸ್‌ಗೆ ಇಳಿದ ಮಾರನೇ ದಿನವೇ ಹೊರಡಬೇಡಿ, ಎತ್ತರಕ್ಕೆ ಮೈ ಒಗ್ಗಲಿ. ಟೋಪಿ, ಸನ್‌ಸ್ಕ್ರೀನ್, ಗಾಳಿ ತಡೆಯುವ ಜಾಕೆಟ್ ಮೂರೂ ಬೇಕು, ಅಲ್ಲಿ ಬಿಸಿಲೂ ಚಳಿಯೂ ಒಟ್ಟಿಗೇ ಹೊಡೆಯುತ್ತವೆ. ಬೊಲಿವಿಯಾದಲ್ಲಿ ರಸ್ತೆ ತಡೆ ಚಳವಳಿಗಳು ಜಾಸ್ತಿ, ಹಿಂದಿನ ರಾತ್ರಿ ಹೋಟೆಲಿನಲ್ಲಿ ವಿಚಾರಿಸಿ. ಬಸ್ಸಿನ ಹತ್ತಿರ ಯಾರಾದರೂ ಬಂದು ಹಳೆಯ ಕಾಲದ್ದು ಅಂತ ಮಣ್ಣಿನ ಬೊಂಬೆ ಕೈಗಿಟ್ಟರೆ ತಗೊಳ್ಳಬೇಡಿ. ಅದು ನಿಜವಾಗಿ ಹಳೆಯದೇ ಆಗಿದ್ದರೆ ದೇಶದಿಂದ ಹೊರಗೆ ಒಯ್ಯುವುದು ಅಪರಾಧ. ವಾಪಸ್ ಮಿನಿಬಸ್ಸು ಸಂಜೆಯಾಗುತ್ತ ಕಡಿಮೆಯಾಗುತ್ತವೆ, ನಾಲ್ಕು ಗಂಟೆಯೊಳಗೆ ಹತ್ತಿಬಿಡಿ.