ಬಲಗಣ್ಣು ಮಂಜಾಯ್ತು ಅಂತ ಕನ್ನಡಕದ ಅಂಗಡಿಗೆ ಹೋಗಿ ನಾಲ್ಕು ದಿನ ಕಳಕೊಂಡ್ವಿ

ಶಿರಸಿ ಸಿದ್ದಾಪುರ ಕಡೆಯವರು, ಮನೇಲಿ ಬಿಪಿ ಶುಗರ್ ಇರೋ ಹಿರಿಯರಿದ್ರೆ ಇದನ್ನ ಪೂರ್ತಿ ಓದಿ.

ಅಡಿಕೆ ಕೊಯ್ಲಿನ ಟೈಮು. ಅಪ್ಪಯ್ಯ ಬೆಳಿಗ್ಗೆ ಎದ್ದವರು ಬಲಗಣ್ಣು ಯಾಕೋ ಸರಿ ಇಲ್ಲ ಮಾರಾಯಾ ಅಂದ್ರು. ವಯಸ್ಸು 68, ಬಿಪಿ ಮಾತ್ರೆ ಮನಸ್ಸು ಬಂದ ದಿನ ಮಾತ್ರ ತಗೊಳ್ಳೋದು. ಮಾತು ನೆಟ್ಟಗಿದೆ, ಕೈಕಾಲು ನೆಟ್ಟಗಿದೆ, ಅಂಗಳದಲ್ಲಿ ಕೂತು ಅಡಿಕೆ ಸುಲೀತಾನೂ ಇದ್ರು, ಪೊರೆ ಬಂದಿರ್ಬೇಕು ಅಂತ ನಾನೇ ಹೇಳಿದ್ದು. ಮಾರನೇ ದಿನ ಪೇಟೆಲಿ ಕನ್ನಡಕದ ಅಂಗಡಿ. ಸಾಲಿನ ಬಲತುದಿ ಅಕ್ಷರ ಬಿಟ್ಟು ಬಿಟ್ಟು ಓದ್ತಿದ್ರು, ಅಂಗಡಿಯವನು ನಂಬರ್ ಏರಿದೆ ಅಂದ, 3,800 ರೂಪಾಯಿ ಕೊಟ್ಟು ಬಂದ್ವಿ. ಎಡಗಣ್ಣಲ್ಲಿ ಓದಿಸಿದಾಗ್ಲೂ ಅದೇ ಬಲತುದಿನೇ ಬಿಟ್ಟೋಗ್ತಿದೆ ಅಂತ ಅವನಿಗೂ ಹೊಳೀಲಿಲ್ಲ, ಪಕ್ಕದಲ್ಲೇ ನಿಂತ ನನಗೂ ಹೊಳೀಲಿಲ್ಲ.

ಊಟಕ್ಕೆ ಕೂತ್ರೆ ಬಲಕ್ಕಿಟ್ಟ ತಂಬುಳಿ ಲೋಟ ಹಾಗೇ ಇರೋದು. ಆಯಿ "ತಂಬ್ಳಿ ಬ್ಯಾಡ್ದಾ?" ಅಂದ್ರೆ "ಎಲ್ಲಿಟ್ಟಿದ್ದೆ?" ಅನ್ನೋರು. ನಾವು ನಕ್ಕಿದ್ವಿ. ನಾಲ್ಕನೇ ದಿನ ಸ್ಕೂಟರ್ ಬಲಗಡೆ ಗೇಟಿನ ಕಂಬಕ್ಕೆ ತಾಗಿಸ್ಕೊಂಡು ಬಂದಾಗ ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಹೋದೆ. ಅವರು ಅಪ್ಪಯ್ಯನ ಎದುರಿಗೆ ಕೂತು, "ನನ್ನ ಮೂಗನ್ನೇ ನೋಡಿ, ನನ್ನ ಕಿವಿ ಎಷ್ಟು ಕಾಣ್ತಿದೆ?" ಅಂದ್ರು. ಒಂದೇ. ಬಲಗಣ್ಣು ಮುಚ್ಚಿಸಿದ್ರೂ ಒಂದೇ, ಎಡಗಣ್ಣು ಮುಚ್ಚಿಸಿದ್ರೂ ಒಂದೇ. ಕಣ್ಣು ಚೆನ್ನಾಗಿದೆ, ತಲೆ ಸ್ಕ್ಯಾನ್ ಮಾಡಿಸಿ, ಈಗ್ಲೇ ಹೊರಡಿ ಅಂದ್ರು.

ಬಲಗಣ್ಣು ನೋಡಿದ್ದೆಲ್ಲ ಒಂದು ಕಡೆ ಮೆದುಳಿಗೆ ಹೋಗತ್ತೆ ಅಂತ ನಾನು ಅಂದ್ಕೊಂಡಿದ್ದೆ, ಹಾಗಲ್ವಂತೆ. ಎರಡೂ ಕಣ್ಣಿನ ನರ ಮೆದುಳಿನ ಬುಡದಲ್ಲಿ ಸೇರಿ, ಮೂಗಿನ ಕಡೆಯ ಅರ್ಧ ಎಳೆಗಳು ಆಚೆ ಬದಿಗೆ ದಾಟ್ತಾವೆ, ಹಾಗಾಗಿ ನಮ್ಮ ಬಲಗಡೆ ಇರೋದೆಲ್ಲ, ಯಾವ ಕಣ್ಣಲ್ಲಿ ನೋಡಿದ್ರೂ, ಹೋಗಿ ಸೇರೋದು ತಲೆ ಹಿಂಭಾಗದ ಎಡ ಮೆದುಳಿಗೆ. ಅಲ್ಲಿ ರಕ್ತ ಕಟ್ಟಿದ್ರೆ ಎರಡೂ ಕಣ್ಣಿನ ಬಲ ಅರ್ಧ ಹೋಗತ್ತೆ. 1904-05ರ ರಷ್ಯಾ-ಜಪಾನ್ ಯುದ್ಧದಲ್ಲಿ ತಲೆ ಹಿಂದೆ ಗುಂಡು ತಾಗಿ ಬದುಕಿದ ಸೈನಿಕರನ್ನ ಪರೀಕ್ಷೆ ಮಾಡಿ, ತಾತ್ಸುಜಿ ಇನೌಯೆ ಅನ್ನೋ ಜಪಾನಿ ಕಣ್ಣಿನ ಡಾಕ್ಟರು ಈ ಜಾಗದ ನಕ್ಷೆನೇ ಬರೆದಿದ್ರಂತೆ. ಇನ್ನೊಂದು, ಹೋದ ಭಾಗ ಕಪ್ಪಾಗಿ ಕಾಣಲ್ಲ. ನಿಮ್ಮ ಬೆನ್ನ ಹಿಂದೆ ಈಗ ಏನು ಕಾಣ್ತಿದೆ? ಅಷ್ಟೇ. ಅದಕ್ಕೇ ಅಪ್ಪಯ್ಯನಿಗೇ ಗೊತ್ತಾಗ್ಲಿಲ್ಲ.

ಸಡನ್ನಾಗಿ ದೃಷ್ಟಿ ಹೋದ್ರೆ ಒಂದೊಂದೇ ಕಣ್ಣು ಮುಚ್ಚಿಸಿ ನಿಮ್ಮ ಮುಖ ನೋಡೋಕೆ ಹೇಳಿ. ಎರಡರಲ್ಲೂ ಒಂದೇ ಬದಿ ಕಾಣದಿದ್ರೆ ಅದು ಸ್ಟ್ರೋಕ್ ಇರಬಹುದು, ಬಾಯಿ ಸೊಟ್ಟ ಆಗ್ಲಿ ಅಂತ ಕಾಯ್ಬೇಡಿ, 108ಕ್ಕೆ ಫೋನ್ ಮಾಡಿ. ಒಂದೇ ಕಣ್ಣಿಗೆ ಪರದೆ ಬಿದ್ದ ಹಾಗಾದ್ರೂ ಅವತ್ತೇ ಡಾಕ್ಟರಿಗೆ ತೋರಿಸಿ, ಅದೂ ಪೊರೆ ಅಲ್ಲ, ಪೊರೆ ನಿಧಾನಕ್ಕೆ ಬರೋದು. ರಕ್ತದ ಗಡ್ಡೆ ಕರಗಿಸೋ ಇಂಜೆಕ್ಷನ್ ಸಾಮಾನ್ಯವಾಗಿ 4.5 ಗಂಟೆ ಒಳಗೆ ಕೊಡಬೇಕು, ಇಲ್ಲಿಂದ ಹುಬ್ಬಳ್ಳಿ ಸುಮಾರು 100 ಕಿ.ಮೀ., ದಾರಿಲೇ ಎಷ್ಟೊತ್ತು ಹೋಗತ್ತೆ ಲೆಕ್ಕ ಹಾಕಿ. ಜಿಲ್ಲೆಗೊಂದು ದೊಡ್ಡಾಸ್ಪತ್ರೆ ಬೇಕು ಅಂತ ನಾವು ಕೂಗಿದ್ದೇ ಬಂತು.

ಹುಬ್ಬಳ್ಳಿಲಿ ಡಾಕ್ಟರು ಮೊದಲು ಕೇಳಿದ್ದು, ಕೊನೆಗೆ ಸರಿ ಇದ್ದದ್ದು ಎಷ್ಟು ಗಂಟೆಗೆ ಅಂತ. ಸೋಮವಾರ ರಾತ್ರಿ ಅಂದ್ವಿ. ಅವತ್ತು ಶುಕ್ರವಾರ.